ಪೋರ್ಚುಗೀಸ್‌ನಲ್ಲಿ "ಎಷ್ಟು ಗಂಟೆಗೆ?" ಎಂದು ಕೇಳುವುದು ಹೇಗೆ?

"ಕೆ ಓರಶ್ ಸಾಂವ್?" (ಈಗ ಗಂಟೆ ಎಷ್ಟು?) ಕಲಿತಿದ್ದೇನೆ, ಸಿನಿಮಾ, ಮ್ಯಾಚು, ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವುದಕ್ಕೂ ಅದೇ ಸಾಕಾ ಎಂದು ಕೇಳಿದ್ದೀರಿ. ಸಾಲದು. ಲಿಸ್ಬನ್‌ಗೆ ಬಂದ ಹೊಸದರಲ್ಲಿ ನಾನೂ ಅದೊಂದನ್ನೇ ನಂಬಿಕೊಂಡು ಪೆಚ್ಚಾಗಿದ್ದೆ.

ಥಿಯೇಟರಿನ ಕೌಂಟರಿನಲ್ಲಿ ಪೋಸ್ಟರ್ ತೋರಿಸಿ "ಕೆ ಓರಶ್ ಸಾಂವ್?" ಎಂದೆ. ಆಕೆ ಗೋಡೆ ಗಡಿಯಾರ ನೋಡಿ "ಸೆತ್ ಇ ಮೈಯ" ಎಂದರು. ಏಳೂವರೆ. ಅಯ್ಯೋ, ಶುರುವಾಗೇಬಿಟ್ಟಿತು ಎಂದು ಟಿಕೆಟ್ ಹಿಡಿದು ಒಳಗೆ ಓಡಿದೆ. ಹಾಲ್ ಖಾಲಿ. ಆಕೆಯದೇನೂ ತಪ್ಪಿಲ್ಲ. "ಈಗ ಗಂಟೆ ಎಷ್ಟು" ಎಂದು ಕೇಳಿದವನು ನಾನು, ಆಕೆ ಗಂಟೆ ಹೇಳಿದರು, ಅಷ್ಟೇ.

ನಾನು ಕೇಳಬೇಕಾಗಿದ್ದದ್ದು "ಅ ಕೆ ಓರಶ್ ಕುಮೇಸ ಉ ಫಿಲ್ಮ್?" ಮೊದಲಲ್ಲಿರುವ ಆ ಪುಟ್ಟ "ಅ" ಇದೆಯಲ್ಲ, ಅದು ನಮ್ಮ "ಗೆ". "ಎಷ್ಟು ಗಂಟೆ" ಬೇರೆ, "ಎಷ್ಟು ಗಂಟೆಗೆ" ಬೇರೆ, ಅಲ್ವಾ? ಅಲ್ಲೂ ಅದೇ ಲೆಕ್ಕ. ನಮ್ಮ "ಗೆ" ಬಾಲದಲ್ಲಿ ಬರುತ್ತದೆ, ಅವರದು ತಲೆಯಲ್ಲಿ. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ ಸುಮ್ನೆ ಒದ್ದಾಡುತ್ತಾರೆ. ಕನ್ನಡದಿಂದ ಹೋದರೆ ನೇರ ದಾರಿ.

ಉತ್ತರದಲ್ಲೂ ಆ "ಗೆ" ಇರುತ್ತದೆ. ಈಗ ಎಂಟು ಗಂಟೆ ಅನ್ನಲು "ಸಾಂವ್ ಓಯ್ತು". ಎಂಟಕ್ಕೆ ಅನ್ನಲು "ಎ ಆಜ್ ಓಯ್ತು". ಗಂಟೆಗಳು ಎಂಟಾದ್ದರಿಂದ ಬಹುವಚನದ "ಸಾಂವ್", ಆದರೆ ಕಾರ್ಯಕ್ರಮ ಒಂದೇ ಆದ್ದರಿಂದ ಅದಕ್ಕೆ ಏಕವಚನದ "ಎ". ಒಂದು ಗಂಟೆಗೆ "ಆ ಉಮ", ಮಧ್ಯಾಹ್ನ ಹನ್ನೆರಡಕ್ಕೆ "ಆವ್ ಮೈಯು ದೀಯ".

ಅಂದ ಹಾಗೆ, ಅವರ ಎಂಟು ನಮ್ಮ ಮಂಡ್ಯ ಕಡೆಯವರ ಬಾಯಲ್ಲಿ ಬರುವ "ಓಯ್ತು" ಥರವೇ ಕೇಳಿಸುತ್ತದೆ. ಅವತ್ತು ಹಾಲ್‌ನಿಂದ ಹೊರಗೆ ಬಂದು ಬಾಗಿಲಲ್ಲಿದ್ದ ಹುಡುಗನನ್ನು ಕೇಳಿದಾಗ ಅವನು "ಓಯ್ತು" ಎಂದ. ದುಡ್ಡೂ ಹೋಯ್ತು, ಸಿನಿಮಾನೂ ಹೋಯ್ತು ಅಂದುಕೊಂಡೆ. ಅವನು ಎಂಟು ಬೆರಳು ತೋರಿಸಿದ ಮೇಲೆ ಜೀವ ಬಂತು.

ಕುಮೇಸ ಅಂದರೆ ಶುರುವಾಗುತ್ತದೆ. ಬಸ್ಸು ಹೊರಡುವುದಕ್ಕೆ "ಸಾಯ್", ತಲುಪುವುದಕ್ಕೆ "ಶೇಗ", ಅಂಗಡಿ ತೆರೆಯುವುದಕ್ಕೆ "ಆಬ್ರ್". ಕ್ರಿಯಾಪದ ನೆನಪಾಗದಿದ್ದರೆ "ಅ ಕೆ ಓರಶ್ ಎ" ಎಂದು ಹೇಳಿ, ಮುಂದೆ ಕಾರ್ಯಕ್ರಮದ ಹೆಸರು ಸೇರಿಸಿ. ಮ್ಯಾಚಿಗೆ "ಅ ಕೆ ಓರಶ್ ಎ ಉ ಜೋಗು?" ನಾನು ಈಗಲೂ ಜಾಸ್ತಿ ಹೀಗೇ ಕೇಳುವುದು.

ಬ್ರೆಜಿಲ್‌ನವರ ಜೊತೆ ಮಾತಾಡುವುದಾದರೆ ಉಚ್ಚಾರ ಬೇರೆ. ಓರಶ್ ಅನ್ನುವುದನ್ನು ಅಲ್ಲಿ ಬಹಳ ಜನ ಓರಸ್ ಎನ್ನುತ್ತಾರೆ. ಮಾತಿನಲ್ಲಿ ಮೊದಲ "ಅ"ವನ್ನು ನುಂಗಿಯೂ ಬಿಡುತ್ತಾರೆ. ಅವರು ನುಂಗಿದರೂ ಕ್ರಿಯಾಪದದಿಂದ ಅರ್ಥವಾಗುತ್ತದೆ, ನೀವು ಮಾತ್ರ ಬಿಡಬೇಡಿ. ಎಂಟಕ್ಕೆ ಹತ್ತು ನಿಮಿಷವಿದ್ದಾಗ ಬ್ರೆಜಿಲ್‌ನಲ್ಲಿ "ದೆಸ್ ಪ್ರಾಜ್ ಓಯ್ತು", ಥೇಟ್ ನಮ್ಮ "ಎಂಟಕ್ಕೆ ಹತ್ತು". ಪೋರ್ಚುಗಲ್‌ನಲ್ಲಿ ಎಂಟರಿಂದ ಹತ್ತು ಕಳೆದು "ಓಯ್ತು ಮೇನುಶ್ ದೆಶ್" ಅನ್ನುವುದೂ ಉಂಟು.

ಬೋರ್ಡುಗಳಲ್ಲಿ, ಟಿಕೆಟ್‌ಗಳಲ್ಲಿ ರಾತ್ರಿ ಎಂಟು ಗಂಟೆ ಅನ್ನುವುದು "20" ಎಂದೇ ಇರುತ್ತದೆ. ಆನ್‌ಲೈನ್ ಕಾರ್ಯಕ್ರಮವಾದರೆ ಯಾವ ಊರಿನ ಗಂಟೆ ಎಂದೂ ಕೇಳಿಕೊಳ್ಳಿ. ಪೋರ್ಚುಗಲ್‌ನವೇ ಆದ ಅಸೋರ್ಸ್ ದ್ವೀಪಗಳು ಲಿಸ್ಬನ್‌ಗಿಂತ ಒಂದು ಗಂಟೆ ಹಿಂದೆ. ಬ್ರೆಜಿಲ್‌ನಲ್ಲೂ ಮನೌಸ್ ಊರು ರಾಜಧಾನಿ ಬ್ರಸೀಲಿಯಾಗಿಂತ ಒಂದು ಗಂಟೆ ಹಿಂದೆಯೇ.