ಸಾಲೊಮನ್ಸ್ ಕೀ: ಕಿನ್ನರಿ ಹಿಡಿದರೂ ಜೀವ ಸಿಗದಿದ್ದರೆ

ನೀವು ಕೇಳಿದ್ದು 1986ರ ವಿಡಿಯೋ ಗೇಮ್ ಸಾಲೊಮನ್ಸ್ ಕೀ ಬಗ್ಗೆ: ಗಂಟೆ ಎತ್ತಿಕೊಂಡರೂ ಜೀವ ಹೆಚ್ಚಲಿಲ್ಲ, ಯಾಕೆ? ಗಂಟೆ ಎತ್ತಿದರೆ ಬಾಗಿಲಿಂದ ಕಿನ್ನರಿ ಹೊರಬರುತ್ತಾಳೆ, ಅಷ್ಟೇ. ನೀವು ಆಡಿಸುವ ಮಾಂತ್ರಿಕ ಡಾನಾ ಅವಳನ್ನು ಮುಟ್ಟಬೇಕು. ಹೀಗೆ 10 ಕಿನ್ನರಿಯರಾದಾಗ ಒಂದು ಜೀವ. ಲೆಕ್ಕ ಕೋಣೆಯಿಂದ ಕೋಣೆಗೆ ಮುಂದುವರಿಯುತ್ತದೆ.

ಹಾರುವವಳ ಹಿಂದೆ ಓಡಬೇಡಿ, ಅವಳ ದಾರಿಗೇ ಮೆಟ್ಟಿಲು ಕಟ್ಟಿ. ನಿಂತು ಎ ಗುಂಡಿ ಒತ್ತಿದರೆ ಎದುರಿಗೆ ಕಲ್ಲು ಮೂಡುತ್ತದೆ. ಕುಕ್ಕರಿಸಿ ಒತ್ತಿದರೆ ಮುಂದಿನ ಹೆಜ್ಜೆಯ ಕೆಳಗೆ. ಹಳ್ಳ ದಾಟಲು ಎರಡನೆಯದೇ ಬೇಕು, ಹೊಸಬರು ಮರೆಯುವುದೂ ಅದನ್ನೇ. ತಲೆಯ ಮೇಲಿನ ಕಂದು ಕಲ್ಲಿಗೆ ಎರಡು ಸಲ ಗುದ್ದಿದರೆ ಒಡೆಯುತ್ತದೆ, ಬೂದು ಕಲ್ಲು ಜಪ್ಪಯ್ಯ ಅಂದರೂ ಒಡೆಯದು. ಸಮಯ ಸೊನ್ನೆಗಿಳಿದರೆ ಜೀವವೇ ಹೋಗುತ್ತದೆ. ತೀರಾ ಕಡಿಮೆಯಿದ್ದರೆ ಕಿನ್ನರಿಯನ್ನು ಬಿಟ್ಟು ಬಾಗಿಲಿಗೆ ನಡೆಯಿರಿ.