ಮೈಕ್ರೋಲೆನ್ಸ್ ಅರೇ ಅಂದರೆ ಏನು? ಅದರ ಉಪಯೋಗ ಎಲ್ಲಿ?

ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಕಿಟಕಿಯ ಸೊಳ್ಳೆಬಲೆಯನ್ನು ಹತ್ತಿರದಿಂದ ನೋಡಿ. ಸಾಲುಸಾಲು ಹನಿಗಳು, ಒಂದೊಂದರಲ್ಲೂ ತಲೆಕೆಳಗಾದ ಪುಟ್ಟ ಅಡಿಕೆ ತೋಟ! ಮಕ್ಕಳಿಗೆ ವಿಜ್ಞಾನ ಹೇಳಿಕೊಡುವಾಗ ನಾನು ಮೊದಲು ತೋರಿಸುವುದು ಇದನ್ನೇ. ಮೈಕ್ರೋಲೆನ್ಸ್ ಅರೇ ಅಂದರೆ ಹೀಗೆ ಜೋಡಿಸಿದ ಪುಟಾಣಿ ಲೆನ್ಸ್‌ಗಳ ಹಾಳೆ. ಒಂದೊಂದರ ಅಗಲ ಸಾಮಾನ್ಯವಾಗಿ 1 ಮಿಲಿಮೀಟರಿಗಿಂತ ಕಡಿಮೆ.

ನಿಮ್ಮ ಮೊಬೈಲ್ ಕ್ಯಾಮೆರಾದಲ್ಲೂ ಇದು ಇದೆ. ಪಿಕ್ಸೆಲ್‌ನ ಎಲ್ಲ ಭಾಗವೂ ಬೆಳಕು ಹಿಡಿಯುವುದಿಲ್ಲ. ಸುಮ್ನೆ ಪೋಲಾಗುತ್ತಿದ್ದ ಬೆಳಕನ್ನು ಈ ಲೆನ್ಸ್ ಸರಿಯಾದ ಜಾಗಕ್ಕೆ ಬಾಗಿಸುತ್ತದೆ. ಪ್ರೊಜೆಕ್ಟರಿನಲ್ಲಿ ಬೆಳಕನ್ನು ಪರದೆ ತುಂಬ ಸಮನಾಗಿ ಹರಡುತ್ತದೆ.

ಇದರ ಉಪಯೋಗಗಳಲ್ಲಿ ನನಗೆ ಜಾಸ್ತಿ ಇಷ್ಟ, ಬೆಳಕಿನ ಅಲೆಯ ಆಕಾರ ಅಳೆಯುವ ಶ್ಯಾಕ್-ಹಾರ್ಟ್‌ಮನ್ ಸೆನ್ಸರ್. ಬರುವ ಬೆಳಕಿನ ಅಲೆ ಸಮತಟ್ಟಾಗಿದ್ದರೆ ಪ್ರತಿ ಲೆನ್ಸ್ ಮೂಡಿಸುವ ಚುಕ್ಕಿ ತನ್ನ ಜಾಗದಲ್ಲೇ ಇರುತ್ತದೆ. ಅಲೆ ಎಲ್ಲಿ ಓರೆಯಾಗಿದೆಯೋ ಅಲ್ಲಿಯ ಚುಕ್ಕಿ ಪಕ್ಕಕ್ಕೆ ಸರಿಯುತ್ತದೆ. ಎಷ್ಟು ಸರಿಯಿತು ಎಂದು ಅಳೆದರೆ ಅಲೆಯ ಪೂರ್ತಿ ಆಕಾರ ಸಿಗುತ್ತದೆ. ಎಷ್ಟು ಸರಳ ಅಲ್ವಾ? ಗಾಳಿಯ ಕಲಕಾಟದಿಂದ ಮಸುಕಾಗುವ ನಕ್ಷತ್ರದ ಚಿತ್ರವನ್ನು ಹಲವು ದೊಡ್ಡ ದೂರದರ್ಶಕಗಳು ಇದರ ನೆರವಿನಿಂದ ತಿದ್ದಿಕೊಳ್ಳುತ್ತವೆ. ಕಣ್ಣಿನ ದೋಷದ ಸೂಕ್ಷ್ಮ ಅಳತೆಗೂ ಇದೇ ಉಪಾಯ.

ಯೋಚನೆ ಹಳೆಯದು. ಹಲವು ಪುಟ್ಟ ಲೆನ್ಸ್‌ಗಳಿಂದ ಆಳವೂ ಕಾಣುವ ಫೋಟೊ ತೆಗೆಯಬಹುದು ಎಂದು ಫ್ರೆಂಚ್ ಭೌತವಿಜ್ಞಾನಿ ಗೇಬ್ರಿಯಲ್ ಲಿಪ್‌ಮನ್ 1908ರಲ್ಲೇ ಹೇಳಿದ್ದರು.