ಎರಡು ನಾಡಿಗೆ ಒಂದು ಕಿರೀಟ

ಪ್ರಶ್ನೆ: ಯಕ್ಷಗಾನದಲ್ಲಿ ಕಿರೀಟ ನೋಡಿಯೇ ವೇಷವನ್ನು ಗುರುತಿಸುತ್ತೇವೆ. ಪ್ರಾಚೀನ ಈಜಿಪ್ಟಿನ ಅರಸರ ಕಿರೀಟಗಳಿಗೂ ಅಂತಹ ಅರ್ಥವಿತ್ತೇ?
– ಓದುಗರೊಬ್ಬರು, ಬದಿಯಡ್ಕ, ಕಾಸರಗೋಡು

ಉತ್ತರ: ಖಂಡಿತವಾಗಿ ಇತ್ತು. ದಕ್ಷಿಣ ಭಾಗಕ್ಕೆ ಎತ್ತರವಾದ ಬಿಳಿಯ ಕಿರೀಟವೂ ಉತ್ತರದ ನೈಲ್ ಮುಖಜಭೂಮಿಗೆ ಕೆಂಪು ಕಿರೀಟವೂ ಗುರುತಾಗಿದ್ದು, ಎರಡನ್ನೂ ಕೂಡಿಸಿದ ಜೋಡಿ ಕಿರೀಟವು ಅರಸನು ಉಭಯ ನಾಡುಗಳ ಒಡೆಯನೆಂದು ಸಾರುತ್ತಿತ್ತು. ಕ್ರಿ.ಪೂ. ಸುಮಾರು 3100ರ ನಾರ್ಮರ್ ಎಂಬ ಅರಸನ ಶಿಲಾಫಲಕದ ಒಂದು ಮುಖದಲ್ಲಿ ಅವನು ಬಿಳಿಯದನ್ನು, ಇನ್ನೊಂದರಲ್ಲಿ ಕೆಂಪನ್ನು ಧರಿಸಿದ್ದಾನೆ. ಹಣೆಯ ಮೇಲೆ ಹೆಡೆಯೆತ್ತಿದ ಸರ್ಪವು ಉತ್ತರದ ವಾಜೆತ್ ದೇವತೆಯ ರೂಪ; ನಾಗಬನಗಳ ನಡುವೆ ಬೆಳೆದ ನಮಗೆ ಅದು ಅಪರಿಚಿತವೆನಿಸದಿದ್ದರೂ, ಅಲ್ಲಿ ಅದು ಅರಸನ ಶತ್ರುಗಳ ಮೇಲೆ ಬೆಂಕಿಯುಗುಳುವ ಕಾವಲಿನ ಹಾವು. ವಿಚಿತ್ರವೆಂದರೆ, 1922ರಲ್ಲಿ ಪತ್ತೆಯಾದ ಅರಸ ತೂತನ್‌ಖಾಮನ್ ಸಮಾಧಿಯ ಅಪಾರ ಸಂಪತ್ತಿನಲ್ಲಿಯೂ ಈ ಕಿರೀಟಗಳಿರಲಿಲ್ಲ. ಅವನ್ನು ತೊಗಲು ಅಥವಾ ಬಟ್ಟೆಯಿಂದ ಮಾಡಿದ್ದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.